ಕೂಸಿಗೆ ಎಣ್ಣೆ ಹಚ್ಚಬೇಡಿ, ಕೂಸಿಗೆ ಎಣ್ಣೆ ಹಚ್ಚಿ

ನಿವೃತ್ತಿಯಾದ ಮೇಲೂ ನಮ್ಮ ಮನೆಗೆ ಹೊಸ ನರ್ಸ್ ಹುಡುಗಿಯರು ಬರುತ್ತಿರುತ್ತಾರೆ. ಚಹಾ ಕುಡಿಯುತ್ತ ಕೆಲಸದ ಗೋಳು ತೋಡಿಕೊಳ್ಳುತ್ತಾರೆ. ಅವರಿಗೆ ನಾನು ‘ಬಾಯಾರ’, ನಮ್ಮ ಕಡೆ ನರ್ಸಮ್ಮನನ್ನು ಕರೆಯುವುದೇ ಹಾಗೆ. ಹೊರಡುವ ಹೊತ್ತಿಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: “ಬಾಯಾರ, ಕೂಸಿಗಿ ಎಣ್ಣಿ ತಿಕ್ಕಬೇಕೋ, ತಿಕ್ಕಬಾರದೋ?”

“ಯಾವ ಸಾಹೇಬರ ಕಾಲದ ಉತ್ತರ ಬೇಕವಾ ನಿನಗ?” ಎಂದು ನಾನು ಕೇಳುತ್ತೇನೆ.

ಅವರು ನಗುತ್ತಾರೆ. ನಾನೇನೂ ತಮಾಷೆ ಮಾಡಿರುವುದಿಲ್ಲ. ನೌಕರಿಯ ಮೊದಲ ಅರ್ಧದಲ್ಲಿ ನಾನು ಮನೆಮನೆಗೆ ಹೋಗಿ ಕೂಸಿನ ಮೈಗೆ ಎಣ್ಣೆ ಹಚ್ಚಬೇಡಿ ಎಂದು ಹೇಳಿದೆ. ಉಳಿದ ಅರ್ಧದಲ್ಲಿ ಅದೇ ಮನೆಗಳ ಅದೇ ಹೊಸ್ತಿಲು ದಾಟಿ ಹಚ್ಚಿ ಎಂದು ಹೇಳಿದೆ. ಎರಡೂ ಸಲ ನನ್ನ ದನಿ ಒಂದೇ ಆಗಿತ್ತು, ಬಲು ಗಟ್ಟಿ. ಜನ ಎರಡೂ ಸಲ “ಹೂಂರಿ ಬಾಯಾರ” ಎಂದು ತಲೆ ಅಲ್ಲಾಡಿಸಿ, ನಾನು ಓಣಿ ತಿರುಗಿದ ಮೇಲೆ ತಮಗೆ ತೋಚಿದ್ದನ್ನು ಮಾಡಿದರು. ಹೊಸಬರಿಗೆ ನಾನು ಹೇಳಬೇಕಾದ ಮೊದಲ ಪಾಠ ಇದೇ.

ಮೊದಲು ಕೆಲಸ ಸಿಕ್ಕಿದ್ದು ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನಲವತ್ತು ದಿನದ ಗಂಡು ಕೂಸೊಂದು ನಾಲ್ಕು ದಿನದಿಂದ ಕೆಮ್ಮುತ್ತಿತ್ತು. ನಾನು ಹೋದಾಗ ಅದರ ಎದೆ ಗೂಡು ಒಳಕ್ಕೆ ಸೇದುತ್ತಿತ್ತು, ತುಟಿ ನೀಲಿಯಾಗಿತ್ತು. ಕೂಸಿನ ಅಜ್ಜಿ ದಿನಾ ನೀರು ಎರೆಯುವ ಮುಂಚೆ ಅದರ ಮೂಗಿಗೆ ಎರಡೆರಡು ಹನಿ ಕುಸುಬಿ ಎಣ್ಣೆ ಬಿಡುತ್ತಿದ್ದಳಂತೆ, ದಾರಿ ಸಾಫಾಗಲಿ ಎಂದು. ಸಿಕ್ಕ ಟೆಂಪೋದಲ್ಲಿ ಕೂಸನ್ನು ದೊಡ್ಡ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅಜ್ಜಿ ನನ್ನ ಸೀರೆಯ ಸೆರಗು ಹಿಡಿದುಕೊಂಡೇ ಕುಳಿತಿದ್ದಳು. ಎಣ್ಣೆ ಶ್ವಾಸಕೋಶಕ್ಕೆ ಇಳಿದಿದೆ ಎಂದರು ವೈದ್ಯರು. ಕೂಸು ಉಳಿಯಿತು. ನನ್ನ ಬುದ್ಧಿ ಉಳಿಯಲಿಲ್ಲ.

ಯಾಕೆಂದರೆ ಮೂಗಿಗೆ ಎಣ್ಣೆ ಬಿಡಬೇಡಿ ಎನ್ನಬೇಕಾದವಳು ಮೈಗೇ ಹಚ್ಚಬೇಡಿ ಎನ್ನತೊಡಗಿದೆ. ಆಗಿನ ನಮ್ಮ ಸಾಹೇಬರಿಗೆ ಇದು ತುಂಬ ಹಿಡಿಸಿತು. “ಮೂಗಿಗೆ ಬೇಡ, ಕಿವಿಗೆ ಬೇಡ, ಮೈಗೆ ಬೇಕು ಅಂತೆಲ್ಲ ಹೇಳಿದರೆ ಜನಕ್ಕೆ ತಿಳಿಯೋದಿಲ್ಲ. ಒಟ್ಟಾರೆ ಬೇಡ ಅಂದುಬಿಡಿ” ಎಂದರು. ಅವರು ಈ ಕಡೆಯವರಲ್ಲ, ನಮ್ಮ ಜನಕ್ಕೆ ಏನು ತಿಳಿಯುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಹೀಗಾಗಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ‘ಕೂಸಿಗೆ ಎಣ್ಣೆ ಹಚ್ಚಬೇಡಿ’ ಎಂದು ಬರೆಸಿದರು. ಕೆಲವು ವರ್ಷಗಳಲ್ಲಿ ಗೋಡೆಯ ಗಿಲಾವು ಉದುರಿ ‘ಬೇಡಿ’ ಕಾಣೆಯಾಯಿತು. ಮುಂದೆ ಆದೇಶ ತಿರುವುಮುರುವಾದಾಗ ಬಣ್ಣದವನಿಗೆ ಕೆಲಸವೇ ಇರಲಿಲ್ಲ. ‘ಹಚ್ಚ’ ಎಂದು ಉಳಿದಿದ್ದಕ್ಕೆ ಒಂದು ಗುಡಿಸು ಹಾಕಿ ಹೋದ. ನಮ್ಮ ಇಲಾಖೆಯಲ್ಲಿ ಇಷ್ಟು ಸಲೀಸಾಗಿ ಜಾರಿಯಾದ ಆದೇಶ ಇನ್ನೊಂದಿಲ್ಲ.

ಆದರೆ ಅದಕ್ಕೂ ಮೊದಲೇ ನನಗೆ ಬನಹಟ್ಟಿಗೆ ವರ್ಗವಾಗಿತ್ತು. ನೇಕಾರರ ಓಣಿ. ಬೆಳಗಾದರೆ ಮಗ್ಗದ ಸದ್ದು, ಮಾತಾಡಬೇಕೆಂದರೆ ಕೂಗಬೇಕು. ಅಲ್ಲಿ ಕೂಸುಗಳಿಗೆ ಎರೆಯುವವಳು ನಿಂಗವ್ವ. ಆ ಓಣಿಯ ಮದುವೆಯಾದ ಗಂಡಸರಲ್ಲಿ ಅರ್ಧದಷ್ಟು ಜನರನ್ನು ಅವಳು ಬತ್ತಲೆ ನೋಡಿದ್ದಳು, ಅದನ್ನು ಜಗಳದಲ್ಲಿ ನೆನಪಿಸುತ್ತಲೂ ಇದ್ದಳು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡರೆ ಅವಳ ಲೋಕವೇ ಬೇರೆ. ನಾನು ಹೋದ ಮೊದಲ ವಾರವೇ ಅವಳನ್ನು ನಡು ಓಣಿಯಲ್ಲಿ ನಿಲ್ಲಿಸಿ, “ಇನ್ನೊಮ್ಮೆ ಕೂಸಿಗೆ ಎಣ್ಣೆ ಹಚ್ಚಿದರೆ ಬರೆದುಕೊಡುತ್ತೇನೆ” ಎಂದು ಬೈದೆ. ಯಾರಿಗೆ ಬರೆದುಕೊಡುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ.

“ಬರೀರಿ ಯವ್ವಾ,” ಎಂದಳು ನಿಂಗವ್ವ. “ಬರಿಯೂ ಮುಂದ ಒಂದ್ಸಲ ಕೂಸಿನ್ನ ಕೇಳ್ರಿ.”

ಅಂದಿನಿಂದ ನಾನು ಓಣಿಗೆ ಕಾಲಿಡುತ್ತಿದ್ದಂತೆ ಬಾಣಂತಿಯರು ಕೂಸಿನ ಮೈಯನ್ನು ಸೆರಗಿನಿಂದ ಒರೆಸತೊಡಗಿದರು. ಆದರೆ ಎಣ್ಣೆ ಸೆರಗಿಗೆಲ್ಲಿ ಬಿಡುತ್ತದೆ? ಒಂದು ದಿನ ತೂಕ ನೋಡಲು ಮೂರು ತಿಂಗಳ ಕೂಸನ್ನು ಜೋಳಿಗೆಗೆ ಹಾಕಹೋದೆ. ಅದು ನನ್ನ ಕೈಯಿಂದ ಸೋಪಿನಂತೆ ಜಾರಿತು. ನನ್ನ ಬಾಯಿಂದ ಹೊರಟ ಕೂಗು ಮಗ್ಗದ ಸದ್ದಿನಲ್ಲಿ ಕೇಳಲೇ ಇಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತು ನನ್ನನ್ನು ಅಣಕಿಸುತ್ತಿದ್ದ ನಿಂಗವ್ವ ಎರಡೂ ಕೈ ಚಾಚಿ ಕೂಸನ್ನು ಮಡಿಲಿಗೆ ಹಿಡಿದಳು.

ಅವಳು ನನ್ನನ್ನು ಬೈಯಲಿಲ್ಲ. ಕೂಸನ್ನು ನೋಡಿ, “ಎಣ್ಣಿ ಹಚ್ಚಿದ್ದು ನನ್ನ ತಪ್ಪ. ಹಚ್ಚಿಲ್ಲಂತ ನಂಬಿದ್ದು ಬಾಯಾರ ತಪ್ಪ. ನಿಂದೇನೂ ಇಲ್ಲ ಬಿಡು” ಎಂದಳು.

ಮರುದಿನ ನಾನು ತೂಕದ ಚೀಲ ಬಿಟ್ಟು ಬರಿಗೈಯಲ್ಲಿ ಹೋಗಿ ಅವಳ ಬಚ್ಚಲಿನ ಬಾಗಿಲಲ್ಲಿ ಕೂತೆ. ಅವಳು ಎಣ್ಣೆಯನ್ನು ಮೊದಲು ತನ್ನ ಅಂಗೈಗೆ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಪಾದದಿಂದ ತೊಡೆಗೆ, ಎದೆಯ ನಡುವಿನಿಂದ ಎರಡೂ ಪಕ್ಕಕ್ಕೆ, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ. ಅಷ್ಟೂ ಹೊತ್ತು ಕೂಸಿನೊಂದಿಗೆ ಮಾತು. ಅದು ಮುಖ ತಿರುಗಿಸಿದರೆ ಕೈ ನಿಲ್ಲುತ್ತಿತ್ತು, ಕಾಲು ಜಾಡಿಸಿ ನಕ್ಕರೆ ಮುಂದುವರಿಯುತ್ತಿತ್ತು. ವಾಯು ಹೋದರೆ “ಶಾಬ್ಬಾಸ್” ಎನ್ನುತ್ತಿದ್ದಳು. ಎಲ್ಲ ಸೊಗಸಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳೂ ಮೂಗಿಗೆ, ಕಿವಿಗೆ ಎಣ್ಣೆ ಬಿಡುತ್ತಿದ್ದಳು, ಎಳೆ ಕೂಸಿನ ಮೊಲೆ ಹಿಂಡುತ್ತಿದ್ದಳು, ಕಾಲು ಹಿಡಿದು ತಲೆಕೆಳಗೆ ಮಾಡುತ್ತಿದ್ದಳು. ಬೀಳಗಿ ಕಡೆಯ ಆ ಕೂಸಿನ ಕಥೆ ಹೇಳಿದೆ. ಅವಳು ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿ, “ಇದನ್ನ ಮೊದಲ ದಿನಾನ ಹೇಳಿದ್ರ ಓಣ್ಯಾಗ ಒದರೂದು ತಪ್ಪತಿತ್ತಲ್ಲರಿ” ಎಂದಳು. ಮೂಗು, ಕಿವಿ ಅಂದಿಗೇ ನಿಂತವು. ಮೊಲೆ ಹಿಂಡುವುದನ್ನೂ ತಲೆಕೆಳಗೆ ಮಾಡುವುದನ್ನೂ ಬಿಡಿಸಲು ಒಂದು ವರ್ಷ ಬೇಕಾಯಿತು.

ಇಷ್ಟರಲ್ಲಿ ಮೇಲಿನವರಿಗೂ ಜ್ಞಾನೋದಯವಾಯಿತು. ಕೂಸಿಗೆ ಮಾಲೀಸು ಒಳ್ಳೆಯದು, ನಿದ್ದೆ ಬರುತ್ತದೆ, ಹೊಟ್ಟೆ ಹಗುರಾಗುತ್ತದೆ, ತಾಯಿ-ಮಗುವಿನ ನಂಟು ಬೆಳೆಯುತ್ತದೆ, ತಂದೆಯೂ ಮಾಡಬೇಕು ಎಂದು ಆದೇಶ ಬಂತು. ಜಮಖಂಡಿಯಲ್ಲಿ ತರಬೇತಿ ಇಟ್ಟರು. ಆಗಿನ ಹೊಸ ಸಾಹೇಬರು ವೇದಿಕೆಯಲ್ಲಿ, “ನಮ್ಮ ಜನಕ್ಕೆ ಮಕ್ಕಳನ್ನು ಮುಟ್ಟುವುದೇ ಗೊತ್ತಿಲ್ಲ” ಎಂದು ಮುಕ್ಕಾಲು ಗಂಟೆ ಮಾತಾಡಿದರು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ನಾನೇ ಕರೆತಂದಿದ್ದ ನಿಂಗವ್ವ ಕೈಕಟ್ಟಿ ಕೂತು ಶಾಲೆಯ ಹುಡುಗಿಯಂತೆ ಕೇಳುತ್ತಿದ್ದಳು.

ತರಬೇತಿ ಕೊಡಲು ಬಂದಿದ್ದು ನಗರದ ಒಬ್ಬ ಚಿಕ್ಕ ವಯಸ್ಸಿನ ವೈದ್ಯೆ. ಎಲ್ಲರಿಗೂ ಒಂದೊಂದು ರಬ್ಬರಿನ ಗೊಂಬೆ ಹಂಚಿದರು. ನನ್ನದಕ್ಕೆ ಒಂದು ಕೈ ಇರಲಿಲ್ಲ. “ಮಾಲೀಸಿಗೆ ಮುಂಚೆ ಮಗುವಿನ ಕಣ್ಣು ನೋಡಿ, ಅನುಮತಿ ಕೇಳಿ” ಎಂದರು ವೈದ್ಯೆ. ಮೂವತ್ತು ಜನ ನರ್ಸುಗಳು ರಬ್ಬರಿನ ಗೊಂಬೆಗಳ ಅನುಮತಿ ಕೇಳಿದೆವು. ನಿಂಗವ್ವ ಮಾತ್ರ ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ಸುಮ್ಮನೆ ಕೂತಳು.

“ಯಾಕಮ್ಮ, ಮಾಡೋದಿಲ್ಲವಾ?” ಎಂದು ವೈದ್ಯೆ ಕೇಳಿದರು.

“ಇದರ ಮೈ ತಣ್ಣಗೈತ್ರಿ. ಉಸರಿಲ್ಲ. ಬ್ಯಾಡಂದ್ರ ಮಾರಿ ತಿರವೂದಿಲ್ಲ, ಬೇಕಂದ್ರ ನಗೂದಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕಂತ ನನಗ ಯಾರು ಹೇಳಬೇಕು?”

ಸಾಹೇಬರು ಮುಖ ಸಿಂಡರಿಸಿದರು. ಆದರೆ ಆ ಹುಡುಗಿ, ಒಳ್ಳೆಯವಳು, ವೇದಿಕೆಯಿಂದ ಇಳಿದು ಬಂದು ನಿಂಗವ್ವನ ಮುಂದೆ ನೆಲದ ಮೇಲೆ ಕೂತು ತೋಳು ಚಾಚಿದಳು. “ನನ್ನ ಕೈಮೇಲೆ ತೋರಿಸಿ.” ನಿಂಗವ್ವ ತೋರಿಸಿದಳು. ಎರಡು ನಿಮಿಷದಲ್ಲಿ ಆ ಹುಡುಗಿ ಕಣ್ಣು ಮುಚ್ಚಿದಳು. “ನಿದ್ದಿ ಇಲ್ಲೇನವಾ ನಿನಗ?” ಎಂದು ನಿಂಗವ್ವ ಮೆಲ್ಲಗೆ ಕೇಳಿದಳು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ನಿಂಗವ್ವನಿಗೆ ಇಲ್ಲ, ಗೊಂಬೆಯ ಪರೀಕ್ಷೆಯಲ್ಲಿ ಅವಳು ಪಾಸಾಗಿರಲಿಲ್ಲ.

ಆಮೇಲೆ ಶುರುವಾಯಿತು ಫೋಟೋ ಕಾಲ. ದಿನಕ್ಕೊಂದು ಮಾಲೀಸಿನ ಫೋಟೋ ಮೊಬೈಲ್ ಗುಂಪಿಗೆ ಹಾಕಬೇಕು. ಮಾಲೀಸು ಆಯಿತೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ, ಫೋಟೋ ಕೇಳುತ್ತಿದ್ದರು. ಲೋಕಾಪುರದ ಕಡೆ ಕೆಲಸ ಮಾಡುತ್ತಿದ್ದ ನನ್ನ ಗೆಳತಿಯೊಬ್ಬಳು ಒಂದೇ ಕೂಸನ್ನು ಆರು ಬಣ್ಣದ ಕುಲಾಯಿ ಟೋಪಿ ಹಾಕಿ ಆರು ದಿನ ನಡೆಸಿದಳು. ಜನರ ಬೇಡಿಕೆಗಳೂ ಕಡಿಮೆ ಇರಲಿಲ್ಲ. ಮುಧೋಳದ ಕಡೆಯಿಂದ ಬಾಣಂತನಕ್ಕೆ ಬಂದಿದ್ದ ಒಬ್ಬಳ ಅತ್ತೆ, ಮಾಲೀಸಿನಲ್ಲಿ ಮೊಮ್ಮಗನ ಮೂಗು ಎಳೆದು ಉದ್ದ ಮಾಡಿಕೊಡಿ ಎಂದು ಗಂಟುಬಿದ್ದಳು. ಆಗುವುದಿಲ್ಲ ಎಂದೆ. “ನಮ್ಮೂರ ನಾಯಿಗೋಳ ಮೂಗು ಎಷ್ಟ ನೆಟ್ಟಗ ಇರ್ತಾವ, ನಮ್ಮ ಹುಡುಗಂದು ನೋಡ್ರಿ!” ಎಂದು ಅತ್ತೇಬಿಟ್ಟಳು. ಆ ನಾಯಿಗಳಿಗೆ ಯಾರೂ ಮಾಲೀಸು ಮಾಡಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದೆ.

ಈ ಎಲ್ಲ ಗದ್ದಲದ ನಡುವೆ ಸುಮಿತ್ರಾಳ ಕೂಸು ಹುಟ್ಟಿತು. ಸುಮಿತ್ರಾ ನಮ್ಮ ಓಣಿಯ ಈರಣ್ಣನ ಹೆಂಡತಿ. ಈರಣ್ಣ ಪವರ್‌ಲೂಮ್ ನಡೆಸುವವ. ಚೊಚ್ಚಲ ಹೆಣ್ಣು ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಅಂಗೈಯಷ್ಟಿತ್ತು. ಮೂರು ವಾರ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅವಳು ಮಗಳನ್ನು ನೋಡಿದ್ದು ಹೆಚ್ಚಾಗಿ ಗಾಜಿನ ಆಚೆಯಿಂದ. ಮನೆಗೆ ಕಳಿಸುವಾಗ ಕೂಸನ್ನು ಬರಿ ಎದೆಗೆ ಅವಚಿಕೊಂಡು ಇರಬೇಕೆಂದು ಹೇಳಿ ಕಳಿಸಿದ್ದರು. ನಾನು ಮೊದಲ ಸಲ ಹೋದಾಗ ಕೂಸು ಅವಳ ಅತ್ತೆ ಶಾಂತವ್ವನ ಎದೆಯ ಮೇಲಿತ್ತು. ಸುಮಿತ್ರಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಹಾಲ ಕುಡಸ್ತಾಳ್ರಿ. ಕುಡಿಸಿ ನನ್ನ ಕೈಯಾಗ ಕೊಟ್ಟ ಬಿಡ್ತಾಳ. ಮುಟ್ಟೂದಿಲ್ಲ, ನೋಡೂದಿಲ್ಲ” ಎಂದಳು ಶಾಂತವ್ವ. ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ನಾನು ಸುಮಿತ್ರಾಳ ಪಕ್ಕಕ್ಕೆ ಕೂತು ಯಾಕವ್ವ ಎಂದೆ. ಗೋಡೆಯಿಂದ ತಿರುಗದೆಯೇ, “ಮುಟ್ಟಿದ್ರ ಮುರದೀತ್ರಿ” ಎಂದಳು. ಅಷ್ಟೇ.

ಆ ದಿನ ನಾನು ಫೋಟೋ ತೆಗೆಯಲಿಲ್ಲ. ಅವಳನ್ನು ವೈದ್ಯರ ಹತ್ತಿರ ಕರೆದೊಯ್ದೆ. ಹೆತ್ತ ಮೇಲೆ ಕೆಲವರ ಮನಸ್ಸಿಗೆ ಹೀಗೆ ಕತ್ತಲು ಕವಿಯುತ್ತದೆ, ಅದು ಕಾಯಿಲೆ, ಸೊಕ್ಕಲ್ಲ ಎಂದು ಅವರು ಶಾಂತವ್ವ, ಈರಣ್ಣ ಇಬ್ಬರನ್ನೂ ಕೂರಿಸಿ ಹೇಳಿದರು, ಔಷಧ ಬರೆದರು. ಎಳೆಯ ಗೆಳತಿಯರೇ, ಇದನ್ನು ನೆನಪಿಡಿ. ಎಲ್ಲವೂ ಎಣ್ಣೆಯಿಂದಲೇ ಸರಿಹೋಯಿತು ಎಂದು ಹೇಳುವವರು ಎಣ್ಣೆ ಮಾರುವವರು. ಕೂಸಿನ ತೂಕ ಏರಿ, ಇನ್ನು ಮೆಲ್ಲಗೆ ಎಣ್ಣೆ ಹಚ್ಚಬಹುದು ಎಂದು ಮಕ್ಕಳ ವೈದ್ಯರು ಹೇಳಿದ ಮೇಲೆಯೇ ನಾನು ನಿಂಗವ್ವನನ್ನು ಕರೆದುಕೊಂಡು ಹೋದದ್ದು.

ನಿಂಗವ್ವ ಕೂಸನ್ನು ನೋಡಿ ಕೈ ಹಿಂದಕ್ಕೆ ತೆಗೆದಳು. “ನನ್ನ ಕೈ ದಪ್ಪ. ಇದಕ್ಕ ಇದರ ಅವ್ವ, ಅಪ್ಪನ ಕೈ ಬೇಕು.”

ಸುಮಿತ್ರಾ ಅಲುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಈರಣ್ಣನೇ ಮುಂದೆ ಬಂದ. “ನಾ ಮಾಡಲೇನ್ರಿ?” ಎಂದ. ಗಂಡಸು ಕೂಸಿಗೆ ಎಣ್ಣೆ ಹಚ್ಚುವುದೇ ಎಂದು ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಮಗ್ಗದಾಗ ಎಳಿ ಹರದಾಗ ಗಂಟ ಹಾಕ್ತೀಯಲ್ಲ, ಆಗ ಎಷ್ಟ ಜೋರ್ ಹಾಕ್ತೀ?” ಎಂದು ನಿಂಗವ್ವ ಕೇಳಿದಳು.

“ಜೋರ್ ಎಲ್ಲೈತಿ ಅಜ್ಜಿ ಅದರಾಗ? ಬೆರಳ ತಾಗಿಸಿದಂಗ ಅಷ್ಟ.”

“ಅಷ್ಟ ಸಾಕು. ಇಲ್ಲೂ ಹಂಗ ತಾಗಸು.”

ಅವನು ಉಗುರು ಕತ್ತರಿಸಿ, ಕೈ ತೊಳೆದು, ಅಂಗೈ ಬೆಚ್ಚಗೆ ಮಾಡಿಕೊಂಡು ಕೂಸಿನ ಪಾದ ಮುಟ್ಟಿದ. ಕೊಬ್ಬರಿ ಎಣ್ಣೆ ಒಂದು ಚಮಚವೂ ಬೇಕಾಗಲಿಲ್ಲ. ಕೂಸಿನ ಬೆರಳು ಅರಳಿದವು. ಅವನು ಅಳುತ್ತಿದ್ದ, ಮೂಗು ಸೇದುವ ಸದ್ದು ಮಗ್ಗದ ಸದ್ದಿನಲ್ಲಿ ಮುಚ್ಚಿಹೋಯಿತು ಎಂದುಕೊಂಡಿದ್ದ. ಆ ಹೊತ್ತಿಗೇ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಸದ್ದಿಗೆ ಒಗ್ಗಿದ್ದ ಕೂಸು ಮೌನಕ್ಕೆ ಬೆಚ್ಚಿ ಚೀರಿತು. ಈರಣ್ಣ ಗಾಬರಿಯಾಗಿ ಕೈ ಎತ್ತಿಬಿಟ್ಟ. ಆಗ ಸುಮಿತ್ರಾ ಗೋಡೆಯಿಂದ ಈಚೆ ತಿರುಗಿ, “ಕೈ ತಗೀಬ್ಯಾಡ್ರಿ, ಅಂಜತೈತಿ” ಎಂದು ತನ್ನ ಅಂಗೈಯನ್ನು ಕೂಸಿನ ಎದೆಯ ಮೇಲಿಟ್ಟಳು.

ಕೂಸು ಕೂಡಲೇ ಸುಮ್ಮನಾಗಲಿಲ್ಲ. ಕಥೆಯ ಕೂಸುಗಳು ಆಗುತ್ತವೆ, ಮನೆಯ ಕೂಸುಗಳು ಆಗುವುದಿಲ್ಲ. ಅದು ಐದು ನಿಮಿಷ ಚೀರಿತು, ಅವಳು ಐದು ನಿಮಿಷವೂ ಕೈ ತೆಗೆಯಲಿಲ್ಲ. ಮರುದಿನ ಬೆನ್ನು, ಅದರ ಮರುದಿನ ಕಾಲು. ಅವಳು ಹತ್ತಿರ ಬಾರದ ದಿನಗಳೂ ಇದ್ದವು, ಮತ್ತೆ ಗೋಡೆಗೆ ತಿರುಗಿದ ದಿನಗಳೂ ಇದ್ದವು. ಆಗ ಈರಣ್ಣ ಮಾಡುತ್ತಿದ್ದ. ಸುಮಾರು ಮೂರು ವಾರದ ಹೊತ್ತಿಗೆ ಅವಳೇ ನನಗೆ ಹೇಳತೊಡಗಿದಳು: “ಹೊಟ್ಟಿ ಮುಟ್ಟಿದ್ರ ಸೇರೂದಿಲ್ಲರಿ ಈಕಿಗಿ, ಬೆನ್ನ ಸೇರ್ತೈತಿ.” ಮಗಳಿಗೆ ಒಂದು ಇಷ್ಟ, ಒಂದು ಅನಿಷ್ಟ ಇದೆ ಎಂಬುದು ಅವಳ ಬಾಯಿಂದ ಬಂದಾಗ ನಾನು ನಿರುಮ್ಮಳಳಾದೆ. ಕೂಸು ಹೆಚ್ಚು ಹೊತ್ತು ಮಲಗುತ್ತಿತ್ತು, ಅದಕ್ಕಿಂತ ದೊಡ್ಡ ಸಂಗತಿ, ಅದರವ್ವನೂ ಮಲಗುತ್ತಿದ್ದಳು.

ಈ ಸುದ್ದಿ ನಾನೇ ಬಾಯಿ ತಪ್ಪಿ ಸಭೆಯಲ್ಲಿ ಹೇಳಿದೆ. ಸಾಹೇಬರ ಕಣ್ಣು ಹೊಳೆದವು. “ತೂಕ ಕಡಿಮೆ ಇದ್ದ ಕೂಸು, ನೇಕಾರ ತಂದೆ, ಮಾಲೀಸು! ಇದಕ್ಕಿಂತ ಇನ್ನೇನು ಬೇಕು?” ವಾರದೊಳಗೆ ಮೇಲಿನವರಿಬ್ಬರನ್ನು ಕರೆದುಕೊಂಡು ಎರಡು ಜೀಪಿನಲ್ಲಿ ಬಂದೇಬಿಟ್ಟರು. ಈರಣ್ಣನಿಗೆ ಬೇರೆ ಅಂಗಿ ಹಾಕಿಸಿದರು. ಎಣ್ಣೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಇಡಿಸಿದರು. ಕೂಸು ಮಾತ್ರ ಆಗಷ್ಟೇ ಹಾಲು ಕುಡಿದು ಮಲಗಿತ್ತು.

“ಎಬ್ಬಿಸಮ್ಮ, ಎರಡೇ ನಿಮಿಷ” ಎಂದರು ಸಾಹೇಬರು.

ನಾನು ಬಾಯಿ ತೆರೆಯಬೇಕಿತ್ತು. ಮೂವತ್ತು ವರ್ಷದ ಅಭ್ಯಾಸ, ತೆರೆಯಲಿಲ್ಲ. ಸುಮಿತ್ರಾ ತೊಟ್ಟಿಲಿಗೆ ಅಡ್ಡ ನಿಂತಳು.

“ಎಬ್ಬಸೂದಿಲ್ಲರಿ.”

“ಎರಡು ನಿಮಿಷಕ್ಕೆ ಏನಾಗುತ್ತದಮ್ಮ? ದೊಡ್ಡವರು ಬಂದಿದ್ದಾರೆ.”

“ಬರ್ಲಿ ಬಿಡ್ರಿ, ಚಹಾ ಮಾಡ್ತೇನಿ. ಹಾಲ ಕುಡದೈತ್ರಿ, ಈಗ ತಿಕ್ಕಿದ್ರ ಕಾರ್ತೈತಿ. ಅದಕ್ಕ ನಿದ್ದಿ ಬಂದೈತಿ. ನೀವ ಕುಂದರ್ರಿ, ಅದ ಎದ್ದ ಮ್ಯಾಲ ನೋಡೂನು.”

ಯಾರ ಮುಂದೆಯೂ ಸರಿಯಾಗಿ ನಾಲ್ಕು ಮಾತಾಡದಿದ್ದ ಹೆಂಗಸು ಅವಳು. ಶಾಂತವ್ವ ಸೊಸೆಯ ಪಕ್ಕಕ್ಕೆ ಹೋಗಿ ನಿಂತಳು. ಈರಣ್ಣ ಹೊಸ ಅಂಗಿಯ ಗುಂಡಿ ಬಿಚ್ಚತೊಡಗಿದ. ದೊಡ್ಡವರಿಗೆ ರಬಕವಿಯಲ್ಲಿ ಊಟದ ವ್ಯವಸ್ಥೆಯಾಗಿತ್ತು, ಕೂಸು ಏಳುವತನಕ ಕಾಯುವ ಹಾಗಿರಲಿಲ್ಲ. ಸಾಹೇಬರು ಅತ್ತಿತ್ತ ನೋಡಿ, ಪಕ್ಕದ ಮನೆಯ ಜಗುಲಿಯಲ್ಲಿ ಆಡುತ್ತಿದ್ದ ಒಂಬತ್ತು ತಿಂಗಳ ದುಂಡನೆಯ ಕೂಸನ್ನು ಎತ್ತಿಸಿ ತಂದರು. ಈರಣ್ಣನ ಕೈಗೆ ಕೊಟ್ಟು ಫೋಟೋ ತೆಗೆಸಿದರು. ಕೂಸು ಪಕ್ಕದಲ್ಲಿ ನಿಂತ ಸಾಹೇಬರ ಕೊರಳಿನ ಗುರುತಿನ ಚೀಟಿಯನ್ನು ಕಚ್ಚುತ್ತ ಬಾಯ್ತುಂಬ ನಗುತ್ತಿತ್ತು. ಫೋಟೋದ ಕೆಳಗೆ ‘ತೂಕ ಕಡಿಮೆಯಿದ್ದ ಎರಡು ತಿಂಗಳ ಶಿಶು, ಮಾಲೀಸಿನ ನಂತರ’ ಎಂದು ಬರೆದು ಮೇಲೆ ಕಳಿಸಿದರು.

ಮೇಲೆ ಯಾರೋ ಒಬ್ಬ ಪುಣ್ಯಾತ್ಮ ಫೋಟೋವನ್ನು ನಿಜವಾಗಿಯೂ ನೋಡಿದ. ನಮ್ಮ ಇಲಾಖೆಯಲ್ಲಿ ಇಂಥದು ಅಪರೂಪ. ‘ಎರಡು ತಿಂಗಳ ಶಿಶುವಿಗೆ ಎರಡು ಹಲ್ಲು ಹೇಗೆ ಬಂದವು?’ ಎಂಬ ಪ್ರಶ್ನೆ ಅಲ್ಲಿಂದ ಹೊರಟು, ಒಂದೊಂದೇ ಮೇಜು ಇಳಿಯುತ್ತ, ಪ್ರತಿ ಮೇಜಿನಲ್ಲೂ ಒಂದೊಂದು ಸಹಿ ಹಾಕಿಸಿಕೊಂಡು, ಕೊನೆಗೆ ನನ್ನ ಮುಂದೆ ಬಂದು ಬಿತ್ತು. ನನ್ನ ಕೆಳಗೆ ಇನ್ನಾವ ಮೇಜೂ ಇರಲಿಲ್ಲ. ಸಾಹೇಬರು ಅದಕ್ಕೆ ತಮ್ಮದೂ ಒಂದು ನೋಟೀಸು ಲಗತ್ತಿಸಿದ್ದರು: ಸರಿಯಾದ ಶಿಶುವನ್ನು ಹಾಜರುಪಡಿಸದ ಬಗ್ಗೆ ಮೂರು ದಿನದಲ್ಲಿ ಲಿಖಿತ ಉತ್ತರ ಕೊಡತಕ್ಕದ್ದು.

‘ಹಲ್ಲು ಬಂದ ಕೂಸು ಬೇರೆಯದು. ನಮ್ಮ ಕೂಸು ಮಲಗಿತ್ತು’ ಎಂದು ಬರೆದು ಕೊಟ್ಟೆ. ನೌಕರಿಯಲ್ಲಿ ನಾನು ಬರೆದ ಅತ್ಯಂತ ಚಿಕ್ಕ ಉತ್ತರ ಅದು. ನಾಲ್ಕು ದಿನದಲ್ಲಿ ಅದರ ಅಂಚಿಗೆ ಕೆಂಪು ಶಾಯಿಯಲ್ಲಿ ‘ಉತ್ತರ ಅಪೂರ್ಣ. ಶಿಶು ಮಲಗಲು ಕಾರಣವೇನು, ವಿವರಿಸಿ’ ಎಂದು ಬರೆಸಿಕೊಂಡು ಮರಳಿ ಬಂತು.

ನಾನು ಹಾಳೆ, ಪೆನ್ನು ತೆಗೆದುಕೊಂಡು ಬನಹಟ್ಟಿಯ ಓಣಿಗೆ ಹೋದೆ. ಸುಮಿತ್ರಾ ಜಗುಲಿಯಲ್ಲಿ ಕಾಲು ನೀಡಿ ಕೂತಿದ್ದಳು. ಕಾಲ ಮೇಲೆ ಕೂಸು, ಮೈಗೆಲ್ಲ ಎಣ್ಣೆ, ಬೆಳಗಿನ ಬಿಸಿಲಿಗೆ ಮಿರಿಮಿರಿ ಹೊಳೆಯುತ್ತಿತ್ತು. ಕಾಗದ ಓದಿ ಹೇಳಿದೆ. ಅವಳು ಮೊದಲು ಕಣ್ಣು ಅರಳಿಸಿದಳು, ಆಮೇಲೆ ನಗತೊಡಗಿದಳು. ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

“ಕಾರಣಾನ ಬೇಕಂತೇನ್ರಿ? ಬರಕೋರಿ ಹಂಗಾರ,” ಎಂದಳು, ಕೂಸಿನ ಬೆನ್ನ ಮೇಲಿನ ಕೈ ನಿಲ್ಲಿಸದೆ. “ಹೊಟ್ಟಿ ತುಂಬಿತ್ತು. ಮೈ ಬೆಚ್ಚಗಿತ್ತು. ಮಗ್ಗಲಾಗ ಅವ್ವ ಇದ್ಲು.”

ಒಂದಕ್ಷರವನ್ನೂ ತಿದ್ದದೆ, ಅವಳು ಹೇಳಿದ ಹಾಗೆಯೇ ಬರೆದೆ. ಕೆಳಗೆ ನನ್ನ ಸಹಿ ಹಾಕಿ ಕಳಿಸಿದೆ.